ಮದುವೆಯಾಗಿ 30 ದಿನ, ಗರ್ಭಕ್ಕೆ 6 ವಾರ: ಇದು ಹೇಗೆ ಸಾಧ್ಯ?

ನೀವು ಬರೆದದ್ದು ಇಷ್ಟು: ಮದುವೆಯಾಗಿ 30 ದಿನವಾಗಿದೆ. ಹೆಂಡತಿಗೆ ಕೊನೆಯ ಬಾರಿ ಮುಟ್ಟಾದದ್ದು ಮದುವೆಗೆ 12 ದಿನ ಮೊದಲು. ನಿನ್ನೆ ವೈದ್ಯರು ಚೀಟಿಯಲ್ಲಿ ‘6 ವಾರದ ಗರ್ಭ’ ಎಂದು ಬರೆದಿದ್ದಾರೆ. 6 ವಾರವೆಂದರೆ 42 ದಿನ, ಹಾಗಾದರೆ ಉಳಿದ 12 ದಿನ ಎಲ್ಲಿಂದ ಬಂದವು?

ಮುಟ್ಟಿನಿಂದ ಬಂದವು. ವೈದ್ಯರು ಗರ್ಭದ ವಾರಗಳನ್ನು ಗಂಡ ಹೆಂಡತಿ ಕೂಡಿದ ದಿನದಿಂದ ಎಣಿಸುವುದಿಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಅಂದಿನಿಂದ ಮದುವೆಗೆ 12 ದಿನ, ಮದುವೆಯಿಂದ ಇಂದಿಗೆ 30 ದಿನ. ಚೀಟಿಯಲ್ಲಿರುವ ಲೆಕ್ಕ ಸರಿಯಾಗಿದೆ. ಅದು ನಿಮ್ಮ ಹೆಂಡತಿಯ ವಿರುದ್ಧ ಯಾವ ಸಾಕ್ಷಿಯನ್ನೂ ಹೇಳುತ್ತಿಲ್ಲ.

ಹೆರಿಗೆ ವಿಭಾಗದಲ್ಲಿ ದಾದಿಯಾಗಿ 19 ವರ್ಷ ದುಡಿದವಳು ನಾನು. ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿದ ಗಂಡಂದಿರು ಬೆರಳೆಣಿಕೆಯಷ್ಟು. ಕೇಳದೆ ಮನಸ್ಸಿನಲ್ಲೇ ಇಟ್ಟುಕೊಂಡು ಹೋದವರು ಎಷ್ಟೋ. ಒಮ್ಮೆ ಒಬ್ಬ ಹುಡುಗಿ ಎರಡನೆಯ ತಪಾಸಣೆಗೆ ಒಬ್ಬಳೇ ಬಂದಳು. “ಸಿಸ್ಟರ್, ಆ ಚೀಟಿ ನೋಡಿದ ದಿನದಿಂದ ಅವರು ನನ್ನೊಡನೆ ಮಾತನಾಡಿಲ್ಲ” ಎಂದು ಅತ್ತಳು. ಮೊದಲ ದಿನವೇ ನಾವು ಇಬ್ಬರನ್ನೂ ಕೂರಿಸಿ ಎರಡು ನಿಮಿಷ ವಿವರಿಸಿದ್ದರೆ ಆ ಹುಡುಗಿ ಅಷ್ಟು ದಿನ ನೋಯಬೇಕಿರಲಿಲ್ಲ. ನೀವು ಕೇಳಿದ್ದೀರಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಗರ್ಭ ನಿಲ್ಲುವ ಮೊದಲಿನ ದಿನಗಳನ್ನೂ ಗರ್ಭದ ಲೆಕ್ಕಕ್ಕೆ ಸೇರಿಸುವುದೇಕೆ ಎಂದು ನಿಮಗೆ ಅನ್ನಿಸಬಹುದು. ಮುಟ್ಟು ಕಣ್ಣಿಗೆ ಕಾಣುತ್ತದೆ, ಅದರ ದಿನಾಂಕ ನೆನಪಿರುತ್ತದೆ. ಅಂಡಾಣು ಹೊರಬೀಳುವುದು, ಅಂದರೆ ಅಂಡೋತ್ಪತ್ತಿ, ಸದ್ದಿಲ್ಲದೆ ಆಗುತ್ತದೆ. ಕೊನೆಯ ಮುಟ್ಟಿನಿಂದ 280 ದಿನ ಎಣಿಸಿ ಹೆರಿಗೆಯ ದಿನ ಹೇಳುವ ಪದ್ಧತಿಯನ್ನು ಜರ್ಮನಿಯ ವೈದ್ಯ ನೇಗೆಲೆ ಹತ್ತೊಂಬತ್ತನೆಯ ಶತಮಾನದಲ್ಲೇ ಬಳಕೆಗೆ ತಂದಿದ್ದರು. ಒಂದು ಮುಟ್ಟಿನಿಂದ ಇನ್ನೊಂದು ಮುಟ್ಟಿನವರೆಗಿನ ಚಕ್ರದಲ್ಲಿ ಅದು ಯಾವ ಹೊತ್ತಿಗೆ ಆಗುತ್ತದೆ ಎಂಬುದು ಆಗ ವೈದ್ಯರಿಗೇ ಗೊತ್ತಿರಲಿಲ್ಲ. ಅದನ್ನು ಜಪಾನಿನ ವೈದ್ಯ ಕ್ಯುಸಾಕು ಒಗಿನೊ ತೋರಿಸಿಕೊಟ್ಟದ್ದು 1920ರ ದಶಕದಲ್ಲಿ. ಹಳೆಯ ಲೆಕ್ಕ ಹಾಗೆಯೇ ಉಳಿದುಕೊಂಡಿತು.

ಒಗಿನೊ ಕಂಡುಕೊಂಡದ್ದನ್ನು ಪ್ರತಿಯೊಬ್ಬ ನವದಂಪತಿಯೂ ತಿಳಿದಿರಬೇಕು ಎಂಬುದು ನನ್ನ ಆಸೆ. ಅಂಡೋತ್ಪತ್ತಿಯನ್ನು ಹಿಂದಿನ ಮುಟ್ಟಿನಿಂದ ಮುಂದಕ್ಕೆ ಎಣಿಸಬಾರದು, ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕು. ಅದು ಸಾಮಾನ್ಯವಾಗಿ ಮುಂದಿನ ಮುಟ್ಟಿಗೆ 12ರಿಂದ 16 ದಿನ ಮೊದಲು ಆಗುತ್ತದೆ. ಚಕ್ರ 28 ದಿನದ್ದಾದರೆ 14ನೆಯ ದಿನದ ಸುಮಾರಿಗೆ, 35 ದಿನದ್ದಾದರೆ 21ನೆಯ ದಿನದ ಸುಮಾರಿಗೆ. ಎಲ್ಲರಿಗೂ 14ನೆಯ ದಿನವೇ ಎಂದು ನಂಬಿಕೊಂಡು, ಆ ಒಂದು ದಿನವನ್ನೇ ಕಾದು, ತಿಂಗಳುಗಟ್ಟಲೆ ನಿರಾಶರಾದ ದಂಪತಿಗಳನ್ನು ನಾನು ಬಹಳ ನೋಡಿದ್ದೇನೆ.

ಹೊರಬಂದ ಅಂಡಾಣುವಿನ ಆಯುಸ್ಸು ಹೆಚ್ಚೆಂದರೆ ಒಂದು ದಿನ. ವೀರ್ಯಾಣುಗಳು ಮಾತ್ರ ಹೆಣ್ಣಿನ ದೇಹದೊಳಗೆ 5 ದಿನದವರೆಗೂ ಜೀವಂತವಾಗಿರಬಲ್ಲವು. ಆದ್ದರಿಂದ ಗರ್ಭ ನಿಲ್ಲುವ ಸಾಧ್ಯತೆಯಿರುವುದು ಅಂಡೋತ್ಪತ್ತಿಯ ದಿನ ಮತ್ತು ಅದಕ್ಕೆ ಹಿಂದಿನ 5 ದಿನಗಳಲ್ಲಿ. ಆ ದಿನಗಳಲ್ಲಿ ಬಿಳಿಸ್ರಾವ ಹಸಿ ಮೊಟ್ಟೆಯ ಬಿಳಿಭಾಗದಂತೆ ತೆಳ್ಳಗಾಗಿ, ಬೆರಳುಗಳ ನಡುವೆ ಎಳೆಯಾಗಿ ಹಿಗ್ಗುತ್ತದೆ. ಕ್ಯಾಲೆಂಡರಿಗಿಂತ ಈ ಗುರುತು ನಂಬಿಕೆಗೆ ಅರ್ಹ. (ಸದ್ಯಕ್ಕೆ ಮಗು ಬೇಡ ಎನ್ನುವವರು ಬರೀ ದಿನ ಎಣಿಸಿ ಧೈರ್ಯವಾಗಿರಬೇಡಿ. ಒಂದು ಜ್ವರ, ಒಂದು ಪ್ರಯಾಣ, ಒಂದು ಚಿಂತೆ ಸಾಕು, ಅಂಡೋತ್ಪತ್ತಿ ಹಿಂದೆ ಮುಂದೆ ಆಗಬಹುದು.)

ಈಗ ನಿಮ್ಮ ಲೆಕ್ಕವನ್ನೇ ನೋಡಿ. ಚಕ್ರ 28 ದಿನದ ಆಸುಪಾಸಿನದಾಗಿದ್ದರೆ ಮದುವೆಯಾದ ಎರಡು ಮೂರು ದಿನಗಳಲ್ಲೇ ಅಂಡಾಣು ಹೊರಬಂದಿರಬೇಕು. ಗರ್ಭಕೋಶಕ್ಕೆ ಹೋಗುವ ದಾರಿಯಾದ ಅಂಡನಾಳದಲ್ಲಿ ಅದು ವೀರ್ಯಾಣುವಿನೊಡನೆ ಸೇರಿ, ಸುಮಾರು ಒಂದು ವಾರದ ನಂತರ ಗರ್ಭಕೋಶದ ಗೋಡೆಗೆ ಅಂಟಿಕೊಂಡಿರುತ್ತದೆ. ಎಚ್‌ಸಿಜಿ ಎಂಬ ಹಾರ್ಮೋನು ಹುಟ್ಟುವುದು ಆಗಲೇ, ಮೂತ್ರಪರೀಕ್ಷೆ ಹುಡುಕುವುದೂ ಅದನ್ನೇ. ಹೀಗಾಗಿ ವೈದ್ಯರ ಲೆಕ್ಕಕ್ಕೆ 6 ವಾರವಾದರೂ ಭ್ರೂಣದ ನಿಜವಾದ ವಯಸ್ಸು ಸುಮಾರು 4 ವಾರ. ಎರಡು ವಾರದ ಈ ಅಂತರ ಪ್ರತಿ ಗರ್ಭಿಣಿಯ ಚೀಟಿಯಲ್ಲೂ ಇರುತ್ತದೆ. ಮದುವೆ ಹಳೆಯದಾದರೆ ಯಾರೂ ಗಮನಿಸುವುದಿಲ್ಲ, ಅಷ್ಟೇ.

ಆ ಪುಟ್ಟ 4 ವಾರಗಳಲ್ಲಿ ಆಗಿರುವ ಕೆಲಸ ಕಡಿಮೆಯಲ್ಲ. ಮಿದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನರನಾಳ ಈ ಹೊತ್ತಿಗೆ ಮುಚ್ಚಿಕೊಳ್ಳುತ್ತಿರುತ್ತದೆ. ಅದಕ್ಕೆ ಬೇಕಾದ ಫೋಲಿಕ್ ಆಮ್ಲವನ್ನು, ದಿನಕ್ಕೆ 400 ಮೈಕ್ರೊಗ್ರಾಂನಂತೆ, ಗರ್ಭ ನಿಲ್ಲುವ ಒಂದು ತಿಂಗಳು ಮೊದಲೇ ಶುರುಮಾಡುವುದು ಒಳ್ಳೆಯದು. ನಿಮ್ಮ ಮನೆಯಲ್ಲಿ ಆಗಿಲ್ಲದಿದ್ದರೆ ಚಿಂತಿಸುತ್ತಾ ಕೂರಬೇಡಿ, ವೈದ್ಯರು ಹೇಳಿದಂತೆ ಇಂದಿನಿಂದಲೇ ಕೊಡಿ. ಅವರನ್ನು ಕೇಳದೆ ಬೇರೆ ಯಾವ ಮಾತ್ರೆಯೂ ಬೇಡ, ತಲೆನೋವಿನದೂ ಕೂಡ. ನೀವು ಸಿಗರೇಟು ಸೇದುವವರಾದರೆ ಅದರ ಹೊಗೆ ಆಕೆಯ ಬಳಿ ಸುಳಿಯಬಾರದು.

ಒಂದನ್ನು ಮಾತ್ರ ಇಬ್ಬರೂ ನೆನಪಿಡಿ. ಕಿಬ್ಬೊಟ್ಟೆಯ ಒಂದೇ ಬದಿಯಲ್ಲಿ ಜೋರು ನೋವು, ರಕ್ತಸ್ರಾವ, ತಲೆಸುತ್ತು, ಭುಜದ ತುದಿಯಲ್ಲಿ ನೋವು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ. ಗರ್ಭ ಅಂಡನಾಳದಲ್ಲೇ ಬೆಳೆಯುತ್ತಿದ್ದರೆ ಅದು ತಾಯಿಯ ಜೀವಕ್ಕೆ ಅಪಾಯ.

ಕೇಳಲು ಸಂಕೋಚಪಡುವ ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ: ವೈದ್ಯರು ಬೇಡ ಎಂದಿರದಿದ್ದರೆ, ರಕ್ತಸ್ರಾವವೂ ಇಲ್ಲದಿದ್ದರೆ, ದಂಪತಿಗಳು ಕೂಡುವುದರಿಂದ ಮಗುವಿಗೆ ತೊಂದರೆಯಿಲ್ಲ. ಆದರೆ ವಾಕರಿಕೆ, ಆಯಾಸ ಹೆಚ್ಚುವ ದಿನಗಳಿವು. ಆಕೆಯ ಮನಸ್ಸನ್ನು ಕೇಳಿ ನಡೆದುಕೊಳ್ಳಿ.

ಮುಂದಿನ ತಪಾಸಣೆಗೆ ನೀವೂ ಜೊತೆಗೆ ಹೋಗಿ. ಕೊನೆಯ ಮುಟ್ಟಿನ ದಿನಾಂಕವನ್ನೂ ಚಕ್ರ ಎಷ್ಟು ದಿನದ್ದು ಎಂಬುದನ್ನೂ ಬರೆದುಕೊಂಡಿರಿ. ಸ್ಕ್ಯಾನಿಂಗ್‌ನಲ್ಲಿ ಭ್ರೂಣದ ಉದ್ದವನ್ನು ಅಳೆದು ವಯಸ್ಸು ಹೇಳುತ್ತಾರೆ. ಮೊದಲ ಮೂರು ತಿಂಗಳಲ್ಲಿ ಆ ಅಳತೆಯಲ್ಲೂ 5ರಿಂದ 7 ದಿನಗಳ ವ್ಯತ್ಯಾಸ ಸಹಜ. ಆಗ ಚೀಟಿಯಲ್ಲಿ ಇಂದಿನ ಲೆಕ್ಕಕ್ಕಿಂತ ನಾಲ್ಕಾರು ದಿನ ಹೆಚ್ಚೋ ಕಡಿಮೆಯೋ ಬರೆದರೆ ಮತ್ತೆ ಗಾಬರಿಯಾಗಬೇಡಿ, ಅಲ್ಲೇ ವೈದ್ಯರನ್ನು ಕೇಳಿ.