ಮಳೆನೀರಲ್ಲಿ ನಡೆದ ಮೇಲೆ ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ ತಗೊಳ್ಳಬಹುದಾ?

ನಿನ್ನೆ ಮುಂಬೈನ ಹಿಂದ್‌ಮಾತಾದಲ್ಲಿ ಮೊಣಕಾಲುದ್ದ ನೀರಲ್ಲಿ ನಡೆದಿದ್ದೀರಿ, ಹಿಮ್ಮಡಿ ಒಡೆದು ಗಾಯವಾಗಿದೆ. ಮನೆಯಲ್ಲಿ ಉಳಿದಿರುವ ಅಮಾಕ್ಸಿಕ್ಲಾವ್ 625, ಸಿಪ್ರೋಫ್ಲಾಕ್ಸಾಸಿನ್, ಅಜಿತ್ರೋಮೈಸಿನ್ ಪೈಕಿ ಯಾವುದು ತಗೊಳ್ಳಲಿ ಅಂತ ಕೇಳಿದ್ದೀರಿ. ಯಾವುದೂ ಬೇಡ. ಗಾಯವನ್ನು ಸೋಪು ಹಚ್ಚಿ ಚೆನ್ನಾಗಿ ತೊಳೆದು, ಇವತ್ತೇ ಹತ್ತಿರದ ಬಿಎಂಸಿ (ಮುಂಬೈ ಮಹಾನಗರ ಪಾಲಿಕೆ) ದವಾಖಾನೆಗೆ ಹೋಗಿ.

ನಿಮ್ಮ ಭಯ ಇಲಿಜ್ವರದ್ದು, ಅಂದರೆ ಲೆಪ್ಟೊಸ್ಪೈರೋಸಿಸ್. ಇಲಿ, ನಾಯಿ, ದನಗಳ ಮೂತ್ರ ಸೇರಿದ ನೀರಿನಿಂದ ರೋಗಾಣು ಗಾಯದ ಮೂಲಕ ಒಳಗೆ ಬರುತ್ತದೆ. ಅದು ಬರದಂತೆ ತಡೆಯಲು ಮೊದಲ ಆಯ್ಕೆ ಡಾಕ್ಸಿಸೈಕ್ಲಿನ್ ಅನ್ನೋ ಆ್ಯಂಟಿಬಯಾಟಿಕ್, ಅದೂ ನೀರಿಗಿಳಿದ 72 ಗಂಟೆಯೊಳಗೆ. ಬಿಎಂಸಿ ಸೂಚನೆ ಪ್ರಕಾರ ಗಾಯವಿಲ್ಲದೆ ಒಮ್ಮೆ ನಡೆದವರಿಗೆ 200 ಮಿಲಿಗ್ರಾಂ ಒಂದೇ ಸಲ. ಗಾಯವಿದ್ದವರಿಗೆ ದಿನಕ್ಕೊಮ್ಮೆ 200ರಂತೆ 3 ದಿನ. ಮತ್ತೆ ಮತ್ತೆ ನೀರಿಗಿಳಿಯುವವರಿಗೆ ವಾರಕ್ಕೊಮ್ಮೆ, 6 ವಾರ. ನೀವು ಯಾವ ಗುಂಪು ಅನ್ನೋದನ್ನು ಡಾಕ್ಟರೇ ನೋಡಿ ಹೇಳಲಿ. ಗರ್ಭಿಣಿಯರಿಗೂ 8 ವರ್ಷದೊಳಗಿನ ಮಕ್ಕಳಿಗೂ ಡಾಕ್ಸಿ ಬದಲು ಅಜಿತ್ರೋಮೈಸಿನ್ ಕೊಡುತ್ತಾರೆ.

ಡಾಕ್ಸಿ ನುಂಗುವ ರೀತಿ ಬಹಳ ಮುಖ್ಯ. ಊಟವಾದ ಮೇಲೆ, ತುಂಬಿದ ಲೋಟ ನೀರಿನ ಜೊತೆ ತಗೊಳ್ಳಿ, ಆಮೇಲೆ ಕನಿಷ್ಠ ಅರ್ಧ ಗಂಟೆ ಮಲಗಬೇಡಿ. ಒಂದು ಗುಟುಕು ನೀರಲ್ಲಿ ನುಂಗಿ ಮಲಗಿದರೆ ಕ್ಯಾಪ್ಸೂಲ್ ಅನ್ನನಾಳಕ್ಕೆ ಅಂಟಿ ಅಲ್ಲೇ ಹುಣ್ಣು ಮಾಡುತ್ತದೆ. ಹುಣ್ಣಾದರೆ ಉಗುಳು ನುಂಗಿದರೂ ಎದೆ ಉರಿಯುತ್ತದೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ಅಸಿಡಿಟಿ ಸಿರಪ್ ಇದನ್ನು ಹೊಟ್ಟೆಯಲ್ಲೇ ಹಿಡಿದಿಟ್ಟು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಅವನ್ನು ಒಟ್ಟಿಗೆ ತಗೊಳ್ಳಬೇಡಿ, ಎರಡು-ಮೂರು ಗಂಟೆ ಅಂತರವಿರಲಿ.

ಮನೆಯಲ್ಲಿರುವ ಮೂರೂ ಮಾತ್ರೆಗಳ ಕೆಲಸವೇ ಬೇರೆ ಬೇರೆ. ಅಮಾಕ್ಸಿಸಿಲಿನ್ ಬ್ಯಾಕ್ಟೀರಿಯಾದ ಹೊರಗೋಡೆ ಕಟ್ಟಲು ಬಿಡುವುದಿಲ್ಲ, ಅದು ಒಳಗಿನ ಒತ್ತಡಕ್ಕೇ ಒಡೆಯುತ್ತದೆ. ನಮ್ಮ ಜೀವಕೋಶಗಳಿಗೆ ಆ ಗೋಡೆಯೇ ಇಲ್ಲ. ಅಮಾಕ್ಸಿಕ್ಲಾವ್ 625 ಅಂದರೆ 500 ಮಿಲಿಗ್ರಾಂ ಅಮಾಕ್ಸಿಸಿಲಿನ್, 125 ಮಿಲಿಗ್ರಾಂ ಕ್ಲಾವುಲನಿಕ್ ಆಮ್ಲ. ಈ ಎರಡನೆಯದು ಔಷಧಿಯನ್ನು ಮುರಿಯುವ ಬ್ಯಾಕ್ಟೀರಿಯಾದ ಕಿಣ್ವವನ್ನು ತಡೆಯುತ್ತದೆ. 375ರ ಮಾತ್ರೆಯಲ್ಲೂ ಕ್ಲಾವುಲನಿಕ್ ಆಮ್ಲ 125ರಷ್ಟೇ ಇರುತ್ತದೆ. ಹಾಗಾಗಿ 625 ಸಿಗಲಿಲ್ಲ ಅಂತ 375 ಎರಡು ನುಂಗಿದರೆ ಅದು ದುಪ್ಪಟ್ಟಾಗಿ ಭೇದಿ ಹಿಡಿಯುವ ಸಾಧ್ಯತೆ ಹೆಚ್ಚು. ಅಜಿತ್ರೋಮೈಸಿನ್ ಬ್ಯಾಕ್ಟೀರಿಯಾ ಪ್ರೋಟೀನ್ ತಯಾರಿಸುವುದನ್ನು ನಿಲ್ಲಿಸುತ್ತದೆ. ಡಾಕ್ಸಿಯೂ ಅದನ್ನೇ ಬೇರೆ ಜಾಗದಲ್ಲಿ ಮಾಡುತ್ತದೆ. ಅಜಿತ್ರೋ ಕೆಲವರಲ್ಲಿ ಹೃದಯದ ಬಡಿತ ಏರುಪೇರು ಮಾಡಬಹುದು. ಸಿಪ್ರೋ ಡಿಎನ್‌ಎ ನಕಲಾಗದಂತೆ ತಡೆಯುತ್ತದೆ. 60 ದಾಟಿದವರಲ್ಲಿ, ಸ್ಟೆರಾಯ್ಡ್ ತಗೊಳ್ಳುವವರಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿಯುವ ಅಪಾಯ ಇದಕ್ಕೆ ಹೆಚ್ಚು, ನೋವು ಶುರುವಾದ ಕೂಡಲೇ ನಿಲ್ಲಿಸಿ ಡಾಕ್ಟರಿಗೆ ಹೇಳಬೇಕು.

ಉಳಿದ ಎರಡು-ಮೂರು ಮಾತ್ರೆ ನುಂಗಿದರೆ ಇನ್ನೊಂದು ತೊಂದರೆಯಿದೆ: ರೋಗ ವಾಸಿಯಾಗುವುದಿಲ್ಲ, ಆದರೆ ರಕ್ತದ ಕಲ್ಚರ್‌ನಲ್ಲಿ (ರಕ್ತದಲ್ಲಿರುವ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ರೋಗಾಣು ಬೆಳೆಯದೆ ರಿಪೋರ್ಟ್ ದಾರಿ ತಪ್ಪಿಸಬಹುದು. ಸ್ಟ್ರಿಪ್ ಮೇಲಿನ ಕೆಂಪು ಗೆರೆ, ಡಾಕ್ಟರ ಚೀಟಿಯಿಲ್ಲದೆ ತಗೊಳ್ಳಬೇಡಿ ಅಂತ ಹೇಳಲೆಂದೇ ಇರುವುದು.

ಡಾಕ್ಸಿ ತಗೊಂಡರೂ ನಾಲ್ಕು ವಾರ ಎಚ್ಚರವಿರಲಿ, ಅದರಲ್ಲೂ 5ರಿಂದ 14ನೇ ದಿನದವರೆಗೆ. ಜ್ವರ, ಮೀನಖಂಡದ ನೋವು, ಕೆಂಗಣ್ಣು, ಹಳದಿ ಕಣ್ಣು, ಮೂತ್ರ ಕಡಿಮೆಯಾಗುವುದು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಡೆಂಗಿಯೂ ಇರಬಹುದು, ಹಾಗಾಗಿ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ ತಗೊಳ್ಳಿ, ಬ್ರೂಫೆನ್ ಬೇಡ. ನೀರಲ್ಲಿ ನಡೆದ ತಾರೀಕು, ನುಂಗಿದ ಮಾತ್ರೆ, ಪೆನಿಸಿಲಿನ್ ಅಲರ್ಜಿ, ರಕ್ತ ತೆಳುವಾಗಿಸುವ ಔಷಧಿ ಇದ್ದರೆ ಅದು, ಇಷ್ಟನ್ನೂ ಡಾಕ್ಟರು ಕೇಳುವ ಮೊದಲೇ ಹೇಳಿಬಿಡಿ.