ಲಂಡನ್ ಮನೆಯ ಎಕಾನಮಿ 7 ಮೀಟರ್: ರಾತ್ರಿ ಬಳಸಿದರೂ ಹಗಲಿನ ಯೂನಿಟ್ ಏರುವುದೇಕೆ?

ಎಕಾನಮಿ 7 ಅಂದರೆ ರಾತ್ರಿ ಏಳು ತಾಸು ಕರೆಂಟು ಅಗ್ಗಕ್ಕೆ ಸಿಗುವ ದರ; ಮೀಟರು ಹಗಲಿನ ಮತ್ತು ರಾತ್ರಿಯ ಯೂನಿಟ್‌ಗಳನ್ನು ಬೇರೆ ಬೇರೆ ಅಂಕಿಗಳಾಗಿ ತೋರಿಸುತ್ತೆ. ವಾಷಿಂಗ್ ಮಷಿನ್ ರಾತ್ರಿ 12.30ಕ್ಕೇ ಹಾಕಿದರೂ ಏಪ್ರಿಲ್‌ನಿಂದ ಹಗಲಿನ ಯೂನಿಟ್ ಏರುತ್ತಿದೆ, ಯಾಕೆ ಅಂತ ನೀವು ಕೇಳಿದ್ದೀರಿ. ಬಹುಶಃ ನಿಮ್ಮ ಮೀಟರಿನ ಗಡಿಯಾರ ಬೇಸಿಗೆಯಲ್ಲೂ ಜಿಎಂಟಿಯಲ್ಲೇ, ಅಂದರೆ ಬ್ರಿಟನ್ನಿನ ಚಳಿಗಾಲದ ಸಮಯದಲ್ಲೇ, ಓಡುತ್ತಿದೆ. ಏಪ್ರಿಲ್‌ನಿಂದ ಅಂದಿದ್ದೀರಲ್ವಾ, ಅದಕ್ಕೇ ಈ ಅನುಮಾನ. ಮಾರ್ಚ್ ಕೊನೆಯಲ್ಲಿ ನಮ್ಮ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತೆ, ಇಂಥ ಮೀಟರಿನದ್ದು ಹೋಗಲ್ಲ. ರಾತ್ರಿ 12.30ರಿಂದ ಬೆಳಗ್ಗೆ 7.30 ಇದ್ದ ಅಗ್ಗದ ಹೊತ್ತು ನಮ್ಮ ಗಡಿಯಾರದಲ್ಲಿ 1.30ರಿಂದ 8.30 ಆಗುತ್ತೆ. ನೀವು 12.30ಕ್ಕೆ ಹಾಕುವ ವಾಷಿಂಗ್ ಮಷಿನ್ ನೀರು ಕಾಯಿಸೋದು ಮೊದಲ ಅರ್ಧ ಗಂಟೆಯಲ್ಲೇ. ಅಷ್ಟೂ ಹಗಲಿನ ದರಕ್ಕೆ ಹೋಗುತ್ತೆ.

ಹೀಗೆ ನೋಡಿ. ನಾಳೆ ಬೆಳಗ್ಗೆ 7.45ಕ್ಕೆ ಮೀಟರಿನ ಎರಡೂ ಅಂಕಿಗಳ ಫೋಟೋ ತೆಗೆಯಿರಿ. ಇಮ್ಮರ್ಶನ್ ಹೀಟರ್ (ಬಿಸಿನೀರಿನ ಟ್ಯಾಂಕಿನೊಳಗಿನ ಕರೆಂಟ್ ಹೀಟರ್) 25 ನಿಮಿಷ ಹಾಕಿ. 3 ಕಿಲೋವ್ಯಾಟಿನದಾದರೆ ಒಂದು ಯೂನಿಟ್ ದಾಟುತ್ತೆ. ಮತ್ತೆ ಫೋಟೋ. ರಾತ್ರಿಯ ಅಂಕಿ ಏರಿದ್ದರೆ ಅನುಮಾನ ನಿಜ. ಎಲ್ಲ ಟೈಮರ್‌ಗಳನ್ನೂ 1.30ರ ನಂತರಕ್ಕೆ ಇಡಿ, ಅಕ್ಟೋಬರ್ ಕೊನೆಗೆ ವಾಪಸ್ ತನ್ನಿ.

ಹಗಲಿನದ್ದೇ ಏರಿದರೆ ಇನ್ನೊಂದು ಸಾಧ್ಯತೆ ಇದೆ: ಕರೆಂಟ್ ಕಂಪನಿ ಎರಡು ಅಂಕಿಗಳನ್ನು ಅದಲುಬದಲು ಬರೆದುಕೊಂಡಿರಬಹುದು. ಒಂದು ದಿನ ಇಮ್ಮರ್ಶನ್ ಟೈಮರನ್ನು ರಾತ್ರಿ 3ರಿಂದ 4ಕ್ಕೆ ಇಟ್ಟು, 2ಕ್ಕೆ ಮತ್ತು 5ಕ್ಕೆ ಎದ್ದು ಫೋಟೋ ತೆಗೆಯಿರಿ. ನಿದ್ದೆ ಕೆಡುತ್ತೆ, ಆದರೆ ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಆಗ ಏರಿದ ಅಂಕಿಯನ್ನು ಬಿಲ್ಲು ಹಗಲಿನದ್ದು ಅಂತ ತೋರಿಸಿದ್ದರೆ, ಆ ಫೋಟೋಗಳನ್ನು ಕಂಪನಿಗೆ ಕಳಿಸಿ, ಹಳೇ ಬಿಲ್ಲುಗಳನ್ನೂ ಸರಿಮಾಡಿಕೊಡಿ ಅಂತ ಬರವಣಿಗೆಯಲ್ಲೇ ಕೇಳಿ.