ವರದಿ ಬರುವ ಮೊದಲೇ ಇಂಜೆಕ್ಷನ್ ಏಕೆ?

ಪ್ರಶ್ನೆ: ನನ್ನ ತಂದೆಗೆ 66 ವರ್ಷ, ಸಕ್ಕರೆ ಕಾಯಿಲೆಯಿದೆ. ಉರಿಮೂತ್ರದ ಜೊತೆಗೆ ಚಳಿಜ್ವರ ಬಂದಾಗ ಮೆಡಿಕಲ್ ಶಾಪಿನಿಂದ ತಂದ ಆ್ಯಂಟಿಬಯೋಟಿಕ್ ಮಾತ್ರೆಯನ್ನು ಎರಡು ದಿನ ಕೊಟ್ಟೆವು. ಇಳಿಯಲಿಲ್ಲ. ಆಸ್ಪತ್ರೆಯಲ್ಲಿ ಎರಡೂ ಕೈಗಳಿಂದ ನಾಲ್ಕು ಬಾಟಲಿ ರಕ್ತ ತೆಗೆದು, ವರದಿಗೆ ಕಾಯದೆ ಇಂಜೆಕ್ಷನ್ ಆರಂಭಿಸಿದರು. ರಕ್ತದಲ್ಲಿ ಇ. ಕೋಲೈ ಎಂಬ ರೋಗಾಣು ಬೆಳೆದಿದೆಯೆಂದು ಮೂರನೆಯ ದಿನ ಔಷಧ ಬದಲಿಸಿ, ಏಳು ದಿನಕ್ಕೆ ನಿಲ್ಲಿಸಿದರು. ಮೊದಲಿನದು ತಪ್ಪು ಔಷಧವೇ? ಅಷ್ಟು ರಕ್ತ ಬೇಕಿತ್ತೇ? ಏಳು ದಿನ ಸಾಕೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ಕೊಟ್ಟ ಇಂಜೆಕ್ಷನ್ ಅನ್ನು ತಪ್ಪೆನ್ನಲಾಗದು. ಬ್ಲಡ್ ಕಲ್ಚರ್‌ನಲ್ಲಿ, ಅಂದರೆ ರಕ್ತದಲ್ಲಿನ ರೋಗಾಣುವನ್ನು ಬಾಟಲಿಯಲ್ಲಿ ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ರೋಗಾಣು ಬೆಳೆದು ಕಾಣಿಸಲು ಸಾಮಾನ್ಯವಾಗಿ ಒಂದೆರಡು ದಿನ ಬೇಕು. ಅದು ಯಾವ ಔಷಧಕ್ಕೆ ಬಗ್ಗುತ್ತದೆಂದು ತಿಳಿಯಲು ಇನ್ನೊಂದು ದಿನ. ರಕ್ತದೊತ್ತಡ ಕುಸಿಯುತ್ತಿರುವ ರೋಗಿಗೆ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಬೀಳಬೇಕೆಂಬುದು 2021ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಸಲಹೆ. ಆದ್ದರಿಂದ ವೈದ್ಯರು ಮೊದಲು ಅಂದಾಜಿನ ಮೇಲೆ ಔಷಧ ಆರಿಸುತ್ತಾರೆ, ವರದಿ ಬಂದ ಮೇಲೆ ತಿದ್ದಿಕೊಳ್ಳುತ್ತಾರೆ.

ಆದರೆ ರಕ್ತ ತೆಗೆಯುವುದು ಮೊದಲು, ಔಷಧ ಆಮೇಲೆ. ತೀವ್ರ ಸೋಂಕಿನ ರೋಗಿಗಳ ಮೇಲೆ ಉತ್ತರ ಅಮೆರಿಕದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಔಷಧಕ್ಕೆ ಮುಂಚೆ ತೆಗೆದ ರಕ್ತದಲ್ಲಿ ಶೇ. 31ರಷ್ಟು ಮಂದಿಗೆ ರೋಗಾಣು ಸಿಕ್ಕಿದರೆ, ಅದೇ ರೋಗಿಗಳಿಂದ ಔಷಧ ಕೊಟ್ಟ ಎರಡು ಗಂಟೆಯೊಳಗೆ ತೆಗೆದದ್ದರಲ್ಲಿ ಅದು ಶೇ. 19ಕ್ಕೆ ಇಳಿದಿತ್ತು. ಎರಡು ಗಂಟೆಗೇ ಹೀಗಾದರೆ, ನೀವು ಕೊಟ್ಟ ಎರಡು ದಿನದ ಮಾತ್ರೆ ಏನು ಮಾಡಬಹುದಿತ್ತೆಂದು ಊಹಿಸಿ. ನಿಮ್ಮ ತಂದೆಯವರ ವರದಿಯಲ್ಲಿ ರೋಗಾಣು ಸಿಕ್ಕಿದ್ದು ಅದೃಷ್ಟವೇ ಸರಿ. ಜ್ವರ ನೆತ್ತಿಗೇರಿದಾಗಲೇ ರಕ್ತ ತೆಗೆಯಬೇಕೆಂಬ ಹಳೆಯ ನಂಬಿಕೆಗೆ ಮಾತ್ರ ಹೆಚ್ಚಿನ ಆಧಾರವಿಲ್ಲ.

ರಕ್ತದ ಪ್ರಮಾಣವೂ ಹೆಚ್ಚೇನಲ್ಲ. ವಯಸ್ಕರಲ್ಲಿ ಒಂದೊಂದು ಬಾಟಲಿಗೆ 8ರಿಂದ 10 ಮಿ.ಲೀ. ಎಂದರೆ ನಾಲ್ಕಕ್ಕೆ ಹೆಚ್ಚೆಂದರೆ 40. ರಕ್ತದಾನಿಯೊಬ್ಬರು ಒಮ್ಮೆಗೆ ಕೊಡುವುದು 350. ಸೋಂಕು ತಗಲಿದ ರಕ್ತದಲ್ಲಿಯೂ ಎಷ್ಟೋ ಸಲ ಮಿಲಿಲೀಟರಿಗೆ ಒಂದು ರೋಗಾಣುವೂ ಇರುವುದಿಲ್ಲವಾದ್ದರಿಂದ, ಬಾಟಲಿ ಅರ್ಧ ತುಂಬಿದರೆ ಅದು ತಪ್ಪಿಹೋಗುವ ಸಂಭವ ಹೆಚ್ಚು. ಎರಡು ಕಡೆ ಚುಚ್ಚುವುದಕ್ಕೆ ಬೇರೆ ಕಾರಣವೂ ಉಂಟು: ನಮ್ಮ ಚರ್ಮದ ಮೇಲೆ ಸದಾ ಇರುವ ಸ್ಟೆಫಿಲೊಕಾಕಸ್ ಜಾತಿಯ ಕೆಲವು ನಿರುಪದ್ರವಿಗಳು ಸೂಜಿಯೊಡನೆ ಬಾಟಲಿ ಸೇರಿಬಿಡುತ್ತವೆ. ಒಂದೇ ಕೈಯ ರಕ್ತದಲ್ಲಿ ಅವು ಬೆಳೆದರೆ ಬಹುಮಟ್ಟಿಗೆ ಹೊರಗಿನ ಬೆರಕೆ, ಎರಡರಲ್ಲೂ ಬೆಳೆದರೆ ಗಂಭೀರವಾಗಿ ಪರಿಗಣಿಸಬೇಕು. ಒಂದೇ ಕಡೆಯಿಂದ ತೆಗೆದಿದ್ದರೆ ಈ ತೀರ್ಮಾನವೇ ಸಾಧ್ಯವಾಗದೆ, ಬೇಡದ ಔಷಧ ದಿನಗಟ್ಟಲೆ ಹರಿಯುತ್ತದೆ.

ಏಳು ದಿನದ ವಿಚಾರ. ರಕ್ತದಲ್ಲಿ ರೋಗಾಣು ಬೆಳೆದ, ಏಳು ದೇಶಗಳ 3,600ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಏಳು ದಿನದ ಚಿಕಿತ್ಸೆ ಹದಿನಾಲ್ಕು ದಿನದ್ದಕ್ಕಿಂತ ಕಡಿಮೆಯೇನೂ ಎನಿಸಲಿಲ್ಲ. ತೊಂಬತ್ತು ದಿನಗಳಲ್ಲಿ ತೀರಿಕೊಂಡವರ ಪ್ರಮಾಣ ಕ್ರಮವಾಗಿ ಶೇ. 14.5 ಮತ್ತು 16.1. ಮೂತ್ರದ ಮೂಲದಿಂದ ಬಂದ ಇ. ಕೋಲೈಗೆ, ರೋಗಿ ಚೇತರಿಸಿಕೊಳ್ಳುತ್ತಿದ್ದು ಕೀವು ಅಥವಾ ಮೂತ್ರದ ತಡೆ ಉಳಿದಿರದಿದ್ದರೆ, ಇದು ಸಲ್ಲುತ್ತದೆ. ಆದರೆ ಸ್ಟೆಫಿಲೊಕಾಕಸ್ ಜಾತಿಯಲ್ಲೇ ಅಪಾಯಕಾರಿಯಾದ ಸ್ಟೆಫಿಲೊಕಾಕಸ್ ಆರಿಯಸ್ ಬೆಳೆದವರನ್ನು ಆ ಅಧ್ಯಯನಕ್ಕೆ ಸೇರಿಸಿರಲಿಲ್ಲ. ಆ ರೋಗಾಣು ಹೃದಯದ ಕವಾಟದಲ್ಲಿ ಬೀಡುಬಿಡಬಲ್ಲದು. ಅದಕ್ಕೆ ರಕ್ತ ಶುದ್ಧವಾಯಿತೆಂದು ಮತ್ತೆ ಕಲ್ಚರ್ ಮಾಡಿ ಖಚಿತಪಡಿಸಿಕೊಂಡ ದಿನದಿಂದ ಕನಿಷ್ಠ ಹದಿನಾಲ್ಕು ದಿನ ಚಿಕಿತ್ಸೆ ಬೇಕು.

ತಂದೆಯವರಿಗೆ ಮತ್ತೆ ನಡುಕದ ಚಳಿ ಬಂದರೆ, ಮನೆಯಲ್ಲಿ ಉಳಿದಿರುವ ಮಾತ್ರೆ ಕೊಡದೆ, ಹಳೆಯ ಕಲ್ಚರ್ ವರದಿಯೊಡನೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.